ಅಣ್ಣನ ಕಾಲಿಗೊಂದು ಆದಾಯ ಮಿತಿ

ಹೊಳಲ್ಕೆರೆಯಲ್ಲಿ ನನ್ನ ಅಣ್ಣನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ಲಿನ ಮೋಟರ್ ಸುಟ್ಟುಹೋದರೆ ಸುತ್ತಲ ಹಳ್ಳಿಯವರು ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅವನ ಹತ್ತಿರ ತರುತ್ತಾರೆ. ಅವನು ಸುಟ್ಟ ತಂತಿಯನ್ನೆಲ್ಲ ಬಿಚ್ಚಿ ತೆಗೆದು ಹೊಸ ತಂತಿ ಸುತ್ತಿ ಕೊಡುತ್ತಾನೆ. ಕೆಲಸಕ್ಕೆ ಕೂರುವ ಮುಂಚೆ ಎಡಗಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ ಇಡುತ್ತಾನೆ. ಮೊಣಕಾಲಿನಿಂದ ಕೆಳಕ್ಕೆ ಅವನಿಗಿರುವುದು ಕೃತಕ ಕಾಲು. ಅದನ್ನು ಹಾಕಿಕೊಂಡು ಗಂಟೆಗಟ್ಟಲೆ ತಗ್ಗು ಸ್ಟೂಲಿನ ಮೇಲೆ ಕೂತರೆ ಉಳಿದ ಕಾಲಿನ ತುದಿ ಉರಿಯುತ್ತದಂತೆ.

ಹೊಸದಾಗಿ ಬಂದವರು ಆ ಕಾಲನ್ನೊಮ್ಮೆ, ಗೋಡೆಯ ಮೇಲಿನ ಸಮವಸ್ತ್ರದ ಫೋಟೋವನ್ನೊಮ್ಮೆ ನೋಡಿ, "ಯುದ್ಧದಾಗೆ ಹೋಯ್ತಾ?" ಎಂದು ಕೇಳುತ್ತಾರೆ.

"ಇಲ್ಲ. ಲಾರಿ ಕೆಳಗೆ ಹೋಯ್ತು" ಅನ್ನುತ್ತಾನೆ ಅಣ್ಣ.

ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಆದರೆ ಅವನು ಅದಕ್ಕಿಂತ ಒಂದು ಮಾತು ಹೆಚ್ಚು ಹೇಳುವುದಿಲ್ಲ. ನಡೆದದ್ದು ನನಗೆ ಗೊತ್ತು. ಸೇನೆಯಲ್ಲಿ ಅವನದು ಗಾಡಿ, ಜನರೇಟರುಗಳ ರಿಪೇರಿ ಕೆಲಸ. ಕಾಶ್ಮೀರದ ಎತ್ತರದಲ್ಲಿ, ಹಿಮ ಬೀಳುತ್ತಿದ್ದಾಗ, ಮೇಲಿನ ಕಾವಲು ಠಾಣೆಗೆ ಸೀಮೆಎಣ್ಣೆ ಹೊತ್ತಿದ್ದ ಲಾರಿಯೊಂದು ದಾರಿಯಲ್ಲಿ ಕೆಟ್ಟು ನಿಂತಿತು. ಎಣ್ಣೆ ತಲುಪದಿದ್ದರೆ ಮೇಲಿದ್ದವರು ಚಳಿಗೆ ಸಾಯಬೇಕು. ಅಣ್ಣ ಲಾರಿಯ ಕೆಳಗೆ ನುಗ್ಗಿ ರಿಪೇರಿ ಮುಗಿಸುವ ಹೊತ್ತಿಗೆ ಚಕ್ರ ಜಾರಿತು. ಅವನು ಊರಿಗೆ ಬಂದ ಮೇಲೆ, ಅಷ್ಟು ನೋವಿನಲ್ಲಿ ಏನು ಯೋಚಿಸುತ್ತಿದ್ದೆ ಎಂದು ನಾನೊಮ್ಮೆ ಕೇಳಿದ್ದೆ. "ಎಣ್ಣೆ ಅವತ್ತೇ ತಲುಪ್ತು ಕಣೆ" ಎಂದಷ್ಟೇ ಹೇಳಿದ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಅಂಗಡಿಗೆ ಹೋಗಿ ಒಂದು ಲೋಟ ಚಹಾ ಕುಡಿದು ಮನೆಗೆ ಹೋಗುವುದು ರೂಢಿ. ಒಂದು ಸಂಜೆ ಹೋದಾಗ ಅವನು ಕೆಲಸ ಬಿಟ್ಟು ಫೋನು ಹಿಡಿದು ಕೂತಿದ್ದ.

"ಇದನ್ನ ಓದು. ನಂಗೆ ಅರ್ಥ ಆಗಿದ್ದು ಸರಿನಾ ಹೇಳು."

ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶ ಅದು. ಸೇವೆಯಲ್ಲಿದ್ದಾಗ ಗಾಯಗೊಂಡು ಮನೆಗೆ ಬಂದವರಿಗೆ ಪಿಂಚಣಿಯ ಜೊತೆ ಅಂಗವೈಕಲ್ಯಕ್ಕೆಂದು ಒಂದು ಪಾಲು ಬರುತ್ತದೆ. ಬೇರೆ ದುಡಿಮೆಯಿಂದ ಒಂದು ಮಿತಿಗಿಂತ ಹೆಚ್ಚು ಆದಾಯ ಇರುವವರಿಗೆ ಆ ಪಾಲನ್ನು ನಿಲ್ಲಿಸಬಹುದು ಎಂದು ಯಾವುದೋ ಸಮಿತಿ ಸಲಹೆ ಕೊಟ್ಟಿದೆಯಂತೆ. ಆಕ್ಷೇಪಣೆ ಇದ್ದವರು ಬರೆದು ಕಳಿಸಬಹುದಂತೆ. ನಾನು ಎರಡು ಸಲ ಓದಿ, ಅವನು ಅರ್ಥ ಮಾಡಿಕೊಂಡದ್ದು ಸರಿಯಾಗಿಯೇ ಇದೆ ಎಂದೆ. ಅವನು ಫೋನು ಕೆಳಗಿಟ್ಟು, ಅರ್ಧಕ್ಕೆ ನಿಂತಿದ್ದ ತಂತಿ ಸುತ್ತತೊಡಗಿದ. ಎಷ್ಟು ಸುತ್ತಿನಲ್ಲಿ ನಿಲ್ಲಿಸಿದ್ದ ಎಂಬುದು ಮರೆತುಹೋಗಿತ್ತೇನೋ, ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದ. ಅವನು ಹಾಗೆ ತಪ್ಪಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವಿಷಯ ಅತ್ತಿಗೆಗೆ ಗೊತ್ತಾದದ್ದು ಮಾರನೆಯ ದಿನ, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ನಾನೂ ಅಂಗಡಿಯಲ್ಲಿದ್ದೆ. ಅತ್ತಿಗೆ ಲೆಕ್ಕಾಚಾರದ ಹೆಂಗಸು, ಗಟ್ಟಿಗಿತ್ತಿ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಹಾಕಿಕೊಂಡು, ಭಾಷೆ ಬಾರದ ಊರಿಗೆ ಒಬ್ಬರೇ ರೈಲಿನಲ್ಲಿ ಹೋಗಿ ಅವನನ್ನು ನೋಡಿಕೊಂಡವರು. ಮಧ್ಯಾಹ್ನ ಊಟದ ಡಬ್ಬಿ ತಂದವರು ಅಂಗಡಿಯ ಮೆಟ್ಟಿಲ ಮೇಲೇ ಕೂತು ಹೇಳಿದರು:

"ಇದಕ್ಯಾಕೆ ತಲೆ ಕೆಡಿಸ್ಕಂತೀರಿ? ಅಂಗಡಿ ನನ್ನ ಹೆಸರಿಗೆ ಬರೆಸ್ರಿ. ನಿಮ್ಮ ಹೆಸರ್ನಾಗೆ ಯಾವ ಆದಾಯನೂ ಇರಲ್ಲ. ಎಲ್ರೂ ಹಂಗೇ ಮಾಡ್ತಾರೆ ಅಂತೆ."

"ನೀನು ವೈಂಡಿಂಗ್ ಮಾಡ್ತೀಯಾ?"

"ನಾನ್ಯಾಕೆ ಮಾಡ್ಲಿ? ಮಾಡೋರು ನೀವೇ, ಹೆಸರು ಮಾತ್ರ ನಂದು."

"ಮಾಡೋನು ನಾನಾದ್ರೆ ಹೆಸರೂ ನಂದೇ ಇರ್ಬೇಕು. ಹತ್ತು ಜನ ಬಂದು ಇದು ಯಾರ ಅಂಗಡಿ ಅಂತ ಕೇಳಿದ್ರೆ ನಾನು ಸುಳ್ಳು ಹೇಳ್ಲಾ?"

"ಯಾರು ಬಂದು ಕೇಳ್ತಾರೆ ಹೇಳ್ರಿ? ಮಗಳ ಓದು ಇನ್ನೂ ಮುಗಿದಿಲ್ಲ. ನೀವು ಬರೀ ಸತ್ಯ ಹಿಡ್ಕಂಡು ಕುಂತ್ಕಳ್ರಿ."

ಅತ್ತಿಗೆ ಡಬ್ಬಿ ಇಟ್ಟು ಹೊರಟೇ ಹೋದರು. ಅಣ್ಣ ಅವತ್ತು ಊಟ ಮಾಡಿದ್ದು ನಾಲ್ಕು ಗಂಟೆಗೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸಿತ್ತು. ಅತ್ತಿಗೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ಭಾನುವಾರ ಅಣ್ಣ ನನ್ನನ್ನು ಕರೆದು ಆಕ್ಷೇಪಣೆ ಬರೆದುಕೊಡಲು ಹೇಳಿದ. ನಾನು ಉತ್ಸಾಹದಿಂದ ಎರಡು ಪುಟ ಬರೆದೆ. ತಾಯ್ನಾಡಿಗಾಗಿ ರಕ್ತ ಹರಿಸಿದ್ದು, ಹಿಮದ ಹಾಸಿಗೆ, ಕುಟುಂಬದ ಕಣ್ಣೀರು, ಕೈಮುಗಿದು ಬೇಡಿಕೊಳ್ಳುವುದು ಎಲ್ಲ ಅದರಲ್ಲಿತ್ತು. ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

"ಚೆನ್ನಾಗಿ ಬರ್ದಿದೀಯ. ಆದ್ರೆ ಇದು ಬ್ಯಾಡ."

"ಯಾಕಣ್ಣ?"

"ಅಳೋ ಕಾಗದ ಇದು. ನಾನು ಅಳ್ತಾ ಇಲ್ವಲ್ಲ. ಇಷ್ಟೇ ಬರಿ. ನಂಗೆ ಅದು ಕೊಡ್ತಿರೋದು ಬಡವ ಅಂತಲ್ಲ. ಕಾಲು ಹೋಯ್ತು ಅಂತ. ನಾನು ಚೆನ್ನಾಗಿ ದುಡಿದ್ರೆ ಕಾಲು ವಾಪಸ್ ಬರ್ತೈತಾ? ಬರಲ್ಲ. ಹಂಗಿದ್ಮೇಲೆ ದುಡಿಮೆಗೂ ಕಾಲಿಗೂ ಯಾಕೆ ಗಂಟು ಹಾಕ್ತೀರಿ? ಅಷ್ಟೇ."

ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಿದ್ದೇನೆ. ನನ್ನ ಎರಡು ಪುಟದಲ್ಲಿ ಇಲ್ಲದ್ದು ಅವನ ಆ ನಾಲ್ಕು ಮಾತಿನಲ್ಲಿ ಇತ್ತು. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಹಳೆಯ ಹಾಳೆ ಹರಿದು, ಅವನು ಹೇಳಿದ್ದನ್ನು ಗ್ರಂಥಭಾಷೆಗೆ ತಿರುಗಿಸಿ ಅರ್ಧ ಪುಟದಲ್ಲಿ ಬರೆದೆ.

ಕಾಗದ ಅಂಚೆಗೆ ಹಾಕುವ ಮುಂಚೆಯೇ ಹಿರಿಯೂರಿನಿಂದ ಫೋನು ಬಂತು. ಅಲ್ಲೊಬ್ಬರು ಅಣ್ಣನ ಜೊತೆ ಒಂದೇ ಘಟಕದಲ್ಲಿದ್ದವರು. ಸ್ಫೋಟವೊಂದರಲ್ಲಿ ಅವರ ಬಲಗೈಯ ಮೂರು ಬೆರಳು ಹೋಗಿ, ಎರಡೂ ಕಿವಿ ಮಂದವಾಗಿದ್ದವು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಫೋನಿನಲ್ಲಿ ಅವರಿಗೆ ಕೇಳಿಸದ್ದರಿಂದ ಮಾತಾಡಿದ್ದು ಅವರ ಹೆಂಡತಿ.

"ಅಣ್ಣಾರೆ, ನಮ್ಮನೆಯವ್ರು ಗಿರಣಿ ಮುಚ್ಚಿ ಬೀಗ ಹಾಕ್ಯಾರೆ. ಆದಾಯ ತೋರಿಸಿದ್ರೆ ಪಿಂಚಣಿ ಹೋಗ್ತೈತಂತೆ, ಗಿರಣಿ ಇದ್ರೆ ತಾನೆ ಆದಾಯ ಅಂತಾರೆ. ನೀವೊಂಚೂರು ಬಂದು ಹೇಳ್ರಿ."

ಮುಂದಿನ ಭಾನುವಾರ ಅಣ್ಣ ಹೊರಟ. ಬಸ್ಸು ಹತ್ತಿ ಇಳಿಯುವಾಗ ಜೊತೆಗಿರಲಿ ಎಂದು ನಾನೂ ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಹಿರಿಯೂರು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಗಿರಣಿಗೆ ನಿಜವಾಗಿಯೂ ಬೀಗ ಬಿದ್ದಿತ್ತು. ಅಣ್ಣನ ಆ ಗೆಳೆಯರೊಬ್ಬರೇ ಮನೆಯೊಳಗೆ ಟಿವಿಯ ಮುಂದೆ ಕೂತಿದ್ದರು. ಟಿವಿಯ ಸದ್ದು ಪೂರ್ತಿ ಇಳಿಸಿತ್ತು.

ನಮಗೆ ನೀರು ತಂದುಕೊಟ್ಟು ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. "ಮೇಡಂ, ಸೇನೆ ಬಿಟ್ಟು ಬಂದ ಹೊಸದ್ರಾಗೆ ಎರಡು ವರ್ಷ ಹಿಂಗೇ ಕುಂತಿದ್ರು. ಯಾರ ಹತ್ರನೂ ಮಾತಿಲ್ಲ. ಗಿರಣಿ ಹಾಕಿದ್ಮ್ಯಾಲೆ ನಾಲ್ಕು ಜನ ಬರೋದು ಹೋಗೋದು ಶುರುವಾಗಿ ಮನುಷ್ಯ ಆದ್ರು. ಈಗ ಮತ್ತೆ ಆ ಕುರ್ಚಿ ಹಿಡ್ದಾರೆ. ದುಡ್ಡು ಹೋದ್ರೆ ಹೋಗ್ಲಿ, ನಂಗೆ ಈ ಕುರ್ಚಿ ಕಂಡ್ರೇ ಭಯ."

ಹೊರಗೆ ಅಣ್ಣ ಗೆಳೆಯರ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಮಾತಾಡುತ್ತಿದ್ದ. "ಲೇ, ಇನ್ನೂ ಏನೂ ಆಗಿಲ್ಲ. ಬರೀ ಸಲಹೆ. ಅದಕ್ಕೇ ಬೀಗ ಹಾಕ್ತೀಯಾ?"

"ಆದ್ಮೇಲೆ ಏನ್ಮಾಡ್ಲಿ?" ಎಂದರು ಅವರು. ತಮಗೆ ಕೇಳಿಸದ್ದಕ್ಕೋ ಏನೋ, ಅವರ ದನಿಯೂ ಜೋರು. "ಪಿಂಚಣಿ ನಿಂತ್ರೆ ಮತ್ತೆ ಬರಲ್ಲ. ಗಿರಣಿ ಇವತ್ತು ಐತೆ, ನಾಳೆ ಎದುರಿಗೆ ಇನ್ನೊಬ್ಬ ಹಾಕ್ತಾನೆ. ನಾನು ಯಾವ್ದು ನಂಬ್ಲಿ?"

ಅಣ್ಣ ಎದ್ದು ನಿಂತು ಕೈ ಚಾಚಿದ.

"ಬೀಗದ ಕೈ ಕೊಡು."

"ಯಾಕೆ?"

"ಇಷ್ಟು ದೂರ ಬಂದಿದೀನಿ. ನಿನ್ನ ಮೋಟರ್ ಹೆಂಗೈತೆ ನೋಡ್ಕಂಡಾದ್ರೂ ಹೋಗ್ತೀನಿ. ಬಾ ಹೋಗಾಣ."

ಗಿರಣಿಯ ಬಾಗಿಲು ತೆಗೆದರು. ಒಳಗೆಲ್ಲ ಹಿಟ್ಟಿನ ಧೂಳು ಕೂತಿತ್ತು. ಅಣ್ಣ ಮೋಟರಿನ ಪಕ್ಕ ಕಷ್ಟಪಟ್ಟು ಕೂತು, ಎಲ್ಲವನ್ನೂ ಮುಟ್ಟಿ ನೋಡಿ, ಬೆಲ್ಟು ಸ್ವಲ್ಪ ಬಿಗಿ ಮಾಡಿ ಸ್ವಿಚ್ ಹಾಕಿದ. ಗಿರಣಿ ಗುಡುಗುಡು ಎಂದು ತಿರುಗಿತು. ಅವನ ಗೆಳೆಯರು ಬಂದು, ಉಳಿದ ಎರಡು ಬೆರಳಿನ ಆ ಬಲ ಅಂಗೈಯನ್ನು ಗಿರಣಿಯ ಮೈಮೇಲೆ ಇಟ್ಟು ನಿಂತರು. ಗಿರಣಿ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿದ್ದದ್ದು ಆ ನಡುಕದಿಂದ.

ಹತ್ತು ನಿಮಿಷವೂ ಆಗಿರಲಿಲ್ಲ. ಸದ್ದು ಕೇಳಿ ಬೀದಿಯ ಒಬ್ಬ ಹೆಂಗಸು ರಾಗಿ ಡಬ್ಬಿ ಹಿಡಿದು ಬಂದಳು. ಅವಳ ಹಿಂದೆ ಇನ್ನೊಬ್ಬಳು. "ಅಬ್ಬಾ, ತೆಗುದ್ರಲ್ಲ! ನಾಕು ದಿನದಿಂದ ಆ ಕಡೆ ಬೀದಿಗಂಟ ಹೊತ್ಕಂಡು ಹೋಗಿ ಸಾಕಾಗಿತ್ತು" ಎಂದಳು ಮೊದಲನೆಯವಳು. ಅಣ್ಣನ ಗೆಳೆಯರಿಗೆ ಮಾತು ಕೇಳಿಸಿರಲಾರದು, ಆದರೆ ಡಬ್ಬಿ ಕಂಡಿತು. ಅಭ್ಯಾಸಬಲದಿಂದ ಎರಡು ಬೆರಳಿನ ಕೈಯಿಂದಲೇ ಅದನ್ನು ಎತ್ತಿ ಸುರಿದರು. ಮಧ್ಯಾಹ್ನ ಊಟದ ಹೊತ್ತಿಗೆ ಗಿರಣಿಯ ಮುಂದೆ ಏಳೆಂಟು ಡಬ್ಬಿ ಸಾಲಾಗಿ ನಿಂತಿದ್ದವು. ನಮ್ಮ ಜೊತೆ ಊಟಕ್ಕೆ ಬಂದು ಕೂರಲು ಅವರಿಗೆ ಪುರಸೊತ್ತೇ ಸಿಗಲಿಲ್ಲ.

ನಾವು ಹೊರಡುವಾಗ ಅವರು ಹಿಟ್ಟು ಮೆತ್ತಿದ ಕೈಯಲ್ಲೇ ಅಣ್ಣ ಜೊತೆಗೆ ತಂದಿದ್ದ ಆಕ್ಷೇಪಣೆ ಅರ್ಜಿಯ ಕೆಳಗೆ ತಮ್ಮದೂ ಸಹಿ ಹಾಕಿದರು. ಬಸ್ಸಿನಲ್ಲಿ ನಾನು ಅಣ್ಣನನ್ನು ಕೇಳಿದೆ, "ನಾಳೆ ನಿಜವಾಗ್ಲೂ ಅವರ ಪಿಂಚಣಿ ನಿಂತ್ರೆ?"

"ಅದೇ ನಂಗೂ ಭಯ" ಎಂದ. "ನನ್ನ ಮಾತು ಕೇಳಿ ಗಿರಣಿ ತೆಗ್ದಾನೆ. ಈಗ ಇದನ್ನ ಬಿಡೋಂಗಿಲ್ಲ."

ಅಲ್ಲಿಯವರೆಗೆ ಅವನದು ಒಬ್ಬನ ಕಾಗದ. ಹಿರಿಯೂರಿನಿಂದ ಬಂದ ಮೇಲೆ ಅವನು ಬೆಳಗ್ಗೆ ಅಂಗಡಿ, ಮಧ್ಯಾಹ್ನದಿಂದ ಊರೂರು ಎಂದು ಸುತ್ತತೊಡಗಿದ. ಬಿ.ದುರ್ಗ, ಸಿರಿಗೆರೆ, ಹೊಸದುರ್ಗದ ಕಡೆಯ ಹಳ್ಳಿಗಳು, ಎಲ್ಲೆಲ್ಲಿ ಗಾಯಗೊಂಡು ಬಂದ ಮಾಜಿ ಸೈನಿಕರಿದ್ದಾರೋ ಅಲ್ಲೆಲ್ಲ ಹೋಗಿ ವಿಷಯ ತಿಳಿಸಿ, ಒಪ್ಪಿದವರ ಸಹಿ ತಂದ. ಒಪ್ಪದವರನ್ನು ಒತ್ತಾಯ ಮಾಡಲಿಲ್ಲ. ಸಂಜೆ ಬಂದು ಕಾಲು ಬಿಚ್ಚಿದಾಗ ಉಜ್ಜಿದ ಜಾಗ ಕೆಂಪಾಗಿರುತ್ತಿತ್ತು. ಅತ್ತಿಗೆ ಬೈಯುತ್ತಲೇ ಮುಲಾಮು ಹಚ್ಚುತ್ತಿದ್ದರು.

ಕೊನೆಗೆ ಚಿತ್ರದುರ್ಗದ ಒಂದು ಸಮುದಾಯ ಭವನದಲ್ಲಿ ಎಲ್ಲರೂ ಸೇರುವುದೆಂದಾಯಿತು. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಊರುಗೋಲಿನವರು, ಕಪ್ಪು ಕನ್ನಡಕದವರು, ಮೇಲ್ನೋಟಕ್ಕೆ ಏನೂ ಆಗದವರಂತೆ ಕಾಣುವವರು, ಎಲ್ಲ ಸೇರಿ ನೂರಕ್ಕೆ ಸ್ವಲ್ಪ ಕಡಿಮೆ ಜನ. ಚಹಾ ಮುಗಿದ ಮೇಲೆ ನಿವೃತ್ತ ಸುಬೇದಾರರೊಬ್ಬರು ಅರ್ಜಿಯನ್ನು ಓದಿ ಹೇಳಿದರು. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಹೊಸದುರ್ಗದ ಕಡೆಯವರು. ಸಿಪಾಯಿಯಾಗಿದ್ದ ಗಂಡ ತೀರಿಕೊಂಡಿದ್ದರು. ತೋಟದ ಕೂಲಿಗೆ ಹೋಗಿ ಮಕ್ಕಳನ್ನು ಸಾಕುತ್ತಿದ್ದರು.

"ನಾನೊಂದ್ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡ್ರಿ. ನಿಮಗೆ ಅಂಗಡಿ ಐತೆ, ಹೊಲ ಐತೆ, ಪಿಂಚಣಿನೂ ಬರ್ತೈತೆ. ನಂಗೆ ಗಂಡ ಸತ್ತು ಎರಡು ವರ್ಷ ಆತು, ಒಂದು ಬಿಡಿಗಾಸು ಬಂದಿಲ್ಲ. ಇರೋರಿಗೆ ಕಡಿಮೆ ಮಾಡಿ ಇಲ್ಲದೋರಿಗೆ ಕೊಟ್ರೆ ತಪ್ಪೇನು?"

ಭವನದಲ್ಲಿ ಗದ್ದಲವಾಯಿತು. ಯಾರೋ "ಕುಂತ್ಕಳಮ್ಮ" ಅಂದರು. ಇನ್ಯಾರೋ ಅವರನ್ನು ಯಾರು ಕರೆದರು ಎಂದು ಕೇಳಿದರು. ಅಣ್ಣ ಎದ್ದು ಮುಂದೆ ಬಂದ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವನು. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಅಕ್ಕನ್ನ ಕುಂತ್ಕಳಿ ಅನ್ಬ್ಯಾಡ್ರಿ. ಅಕ್ಕ ಕೇಳಿದ್ದು ಸರಿಯಾಗೇ ಐತೆ." ಆಮೇಲೆ ಅವರ ಕಡೆ ತಿರುಗಿ ಹೇಳಿದ: "ಅಕ್ಕ, ನಂದು ಕಡಿಮೆ ಮಾಡಿ ನಿಮಗೆ ಕೊಡ್ತೀವಿ ಅಂತ ಆ ಸಮಿತಿ ಕಾಗದದಾಗೆ ಎಲ್ಲಾದ್ರೂ ಬರ್ದಿದ್ರೆ ನಾನು ಇವತ್ತೇ ಬಿಟ್ಕೊಡ್ತಿದ್ದೆ. ಆದ್ರೆ ಹಂಗೆ ಬರ್ದಿಲ್ಲ. ನಂದು ನಿಲ್ಲುತ್ತೆ, ನಿಮಗೂ ಬರಲ್ಲ. ತಪ್ಪು ನಮ್ದೂ ಐತೆ. ನಮ್ದು ಹೋಗ್ತೈತೆ ಅಂದಾಗ ಇಷ್ಟು ಜನ ಸೇರಿದ್ವಿ, ನಿಮ್ದು ಬಂದಿಲ್ಲ ಅಂತ ಎರಡು ವರ್ಷದಾಗೆ ಒಬ್ರೂ ಬಂದು ಕೇಳ್ಲಿಲ್ಲ."

ಅಣ್ಣ ನನ್ನ ಕಡೆ ನೋಡಿ, "ಅರ್ಜಿಗೆ ಇನ್ನೊಂದು ಪ್ಯಾರಾ ಸೇರ್ಸು. ಕುಟುಂಬ ಪಿಂಚಣಿ ಬರದೇ ಇರೋ ಹೆಣ್ಮಕ್ಕಳ ಕಡತ ಮೊದ್ಲು ನೋಡ್ರಿ ಅಂತ" ಎಂದ. ನಾನು ಅಲ್ಲೇ ಕೂತು ಬರೆದೆ. ಆ ಪ್ಯಾರಾ ಸೇರಿದ ಮೇಲೆ ಹೊಸದುರ್ಗದ ಅಕ್ಕ ಬಂದು ಸಹಿ ಹಾಕಿದರು. ನಿಧಾನವಾಗಿ, ಒಂದೊಂದೇ ಅಕ್ಷರ.

ಅರ್ಜಿ ಅವತ್ತೇ ಹೋಯಿತು. ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಅಕ್ಕನ ಕಾಗದ ಪತ್ರಗಳನ್ನೆಲ್ಲ ಅಂಗಡಿಗೆ ತರಿಸಿದ. ಸಂಜೆ ನಾವಿಬ್ಬರೂ ಒಂದೊಂದಾಗಿ ಹರಡಿಕೊಂಡು ಓದಿದೆವು. ತೊಡಕು ಸಿಕ್ಕಿದ್ದು ಮೂರನೆಯ ಸಂಜೆ. ಅವರ ಗಂಡನ ಸೇವಾ ದಾಖಲೆಯಲ್ಲಿ ಅಕ್ಕನ ಹೆಸರು ತವರಿನವರು ಕರೆಯುತ್ತಿದ್ದಂತೆ ಇತ್ತು. ಆಧಾರ್ ಕಾರ್ಡಿನಲ್ಲಿ ಮದುವೆಯಾದ ಮೇಲೆ ಇಟ್ಟ ಹೆಸರಿತ್ತು. ಕಾಗದದ ಮೇಲೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು! ಎರಡು ವರ್ಷದಿಂದ ಹೋದ ಅರ್ಜಿಗಳೆಲ್ಲ ಅದೇ ಕಾರಣಕ್ಕೆ ವಾಪಸಾಗುತ್ತಿದ್ದವು. ವಾಪಸಾದ ಕಾಗದದಲ್ಲಿ ಕಾರಣ ಬರೆದಿತ್ತು, ಇಂಗ್ಲಿಷಿನಲ್ಲಿ. ಅಕ್ಕನಿಗೆ ಅದನ್ನು ಓದಿ ಹೇಳುವವರು ಇರಲಿಲ್ಲ.

ಇಬ್ಬರೂ ಒಬ್ಬರೇ ಎಂದು ತೋರಿಸುವ ಪ್ರಮಾಣಪತ್ರ ಮಾಡಿಸಲು ಅಣ್ಣ ಅವರ ಜೊತೆ ಎಷ್ಟು ಸಲ ಓಡಾಡಿದನೋ ನನಗೆ ಗೊತ್ತಿಲ್ಲ. ಒಂದು ಸಲ ಚಿತ್ರದುರ್ಗದ ಕಚೇರಿಯೊಂದರ ಮೂರನೆಯ ಮಹಡಿಗೆ ಹೋಗಬೇಕಾಯಿತಂತೆ. ಲಿಫ್ಟ್ ಕೆಟ್ಟಿತ್ತಂತೆ. "ಅಣ್ಣಾರು ಕಂಬಿ ಹಿಡ್ಕಂಡು ಹತ್ತಿದ್ರು ಮೇಡಂ. ನಾನು ನೀವಿಲ್ಲೇ ಇರ್ರಿ ಅಂದೆ. ನನ್ನ ಹಿಂದೆ ಬರ್ರಿ, ನಾನು ಬಿದ್ರೆ ಹಿಡ್ಕಳ್ರಿ ಅಂತ ನಕ್ಕಂತ ಹತ್ತಿದ್ರು" ಎಂದು ಅಕ್ಕನೇ ನನಗೆ ಹೇಳಿದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಪಿಂಚಣಿ ಬರತೊಡಗಿತು. ಸುದ್ದಿ ಕೇಳಿದ ದಿನ ಅತ್ತಿಗೆ ಯಾರಿಗೂ ಹೇಳದೆ ಹೋಳಿಗೆ ಮಾಡಿ ಅಂಗಡಿಗೆ ಕಳಿಸಿದರು. ಅಂಗಡಿಯನ್ನು ತಮ್ಮ ಹೆಸರಿಗೆ ಬರೆಸುವ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಆದಾಯ ಮಿತಿಯ ವಿಷಯ ಮಾತ್ರ ತಿಂಗಳುಗಟ್ಟಲೆ ಏನೂ ತಿಳಿಯದೆ ಹಾಗೇ ಇತ್ತು. ಹಿರಿಯೂರಿನಿಂದ ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಬೇರೆ ಊರುಗಳಿಂದಲೂ ಇಂಥವೇ ಅರ್ಜಿಗಳು ಹೋಗಿವೆಯಂತೆ ಎಂಬುದಷ್ಟೇ ಸುದ್ದಿ. ಆಮೇಲೊಂದು ದಿನ, ನಾನು ಅಂಗಡಿಯಲ್ಲಿದ್ದಾಗಲೇ, ಗುಂಪಿನಲ್ಲಿ ಸಂದೇಶ ಬಂತು. ಗಾಯದ ಪಾಲಿಗೆ ಆದಾಯ ಮಿತಿ ಹಾಕುವ ಸಲಹೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ. ನಾನು ಜೋರಾಗಿ ಓದಿ ಹೇಳಿದೆ. ಅಣ್ಣ ಕೈಲಿದ್ದ ಕತ್ತರಿ ಕೆಳಗಿಟ್ಟ. ಆಮೇಲೆ ಹಿರಿಯೂರಿಗೆ ಫೋನು ಮಾಡಿ ಗೆಳೆಯರ ಹೆಂಡತಿಗೆ ಹೇಳಿದ. ಆ ಕಡೆ ಅವರು ಗಂಡನಿಗೆ ಕೂಗಿ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಎರಡು ಸಲ ಹೇಳಬೇಕಾಯಿತು.

"ಸದ್ಯಕ್ಕೆ ಅಂತ ಬರ್ದಾರಲ್ಲಣ್ಣ" ಎಂದೆ ನಾನು.

"ಬರೀಲಿ ಬಿಡು. ಮತ್ತೆ ಬಂದ್ರೆ ಮತ್ತೆ ನೋಡಾಣ" ಎಂದವನು ನನ್ನ ಚೀಲದ ಕಡೆ ಕೈ ತೋರಿಸಿದ. "ಪೆನ್ನು ಐತಾ? ಇನ್ನೊಂದು ಕಾಗದ ಬರೀಬೇಕು."

"ಯಾರಿಗೆ?"

"ಆ ಸಮಿತಿಯೋರಿಗೆ. ನಾವು ಹೇಳಿದ್ದು ಕೇಳಿದ್ರಲ್ಲ, ಥ್ಯಾಂಕ್ಸ್ ಹೇಳೋದು ಬ್ಯಾಡ್ವಾ?"

ನನಗೆ ನಗು ಬಂತು. ಆ ಸಮಿತಿಯವರಿಗೆ ಅಂಥ ಕಾಗದ ಬೇರೆ ಯಾರಾದರೂ ಬರೆದಿದ್ದಾರೋ ಇಲ್ಲವೋ. ಅಣ್ಣ ನಗಲಿಲ್ಲ, ಕಾಯುತ್ತಿದ್ದ. ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅವನು ಹೇಳಿದಂತೆ ಮೂರು ಸಾಲು ಬರೆದೆ. ಅವನು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಹಿಂದಿನ ಹುದ್ದೆ, ಸೇವಾ ಸಂಖ್ಯೆ ಸಮೇತ ಸಹಿ ಹಾಕಿದ. ಮರುದಿನ ಶಾಲೆಗೆ ಹೋಗುವಾಗ ಅದನ್ನು ಅಂಚೆಗೆ ಹಾಕಿದೆ.